ಅಪ್ರೆಂಟಿಸ್ ಆಗಿ ಸೇರಿದವರು ಎಂಜಿನಿಯರ್ ಆಗಬಹುದೇ?

ಓದುಗರ ಪ್ರಶ್ನೆಗಳಿಗೆ ಉತ್ತರ

ಎಸ್ಸೆಸ್ಸೆಲ್ಸಿ ಮತ್ತು ಡಿಪ್ಲೊಮಾ ಫಲಿತಾಂಶಗಳು ಪ್ರಕಟವಾದ ಮೇಲೆ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಅಪ್ರೆಂಟಿಸ್ ತರಬೇತಿಗೆ, ಎಂದರೆ ಸ್ಟೈಪೆಂಡ್ (ತಿಂಗಳ ಭತ್ಯೆ) ಪಡೆಯುತ್ತಾ ಕೆಲಸದ ಜಾಗದಲ್ಲೇ ಕಲಿಯುವುದಕ್ಕೆ, ಸಂಬಂಧಿಸಿದವೇ ಹೆಚ್ಚು. ಬಹುಪಾಲು ಪತ್ರಗಳು ಶಿವಮೊಗ್ಗ ಜಿಲ್ಲೆಯವು. ಒಂದೆರಡು ಘಟ್ಟದ ಮೇಲಿನ ಚಿಕ್ಕಮಗಳೂರು ಜಿಲ್ಲೆಯ ತಾಲ್ಲೂಕುಗಳಿಂದ ಬಂದಿವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ, ಕೇಳಿದವರ ಹೆಸರುಗಳನ್ನು ಕೈಬಿಟ್ಟು ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕಿನಲ್ಲಿ ಸಣ್ಣ ಅಡಿಕೆ ತೋಟ. ಮಗ ಎಸ್ಸೆಸ್ಸೆಲ್ಸಿ ಪಾಸಾಗಿದ್ದಾನೆ, ವಯಸ್ಸು ಹದಿನಾರು. ಪುಸ್ತಕಕ್ಕಿಂತ ಪಂಪ್‌ಸೆಟ್ಟು, ಬೈಕು ಬಿಚ್ಚಿ ಜೋಡಿಸುವುದರಲ್ಲೇ ಅವನಿಗೆ ಆಸಕ್ತಿ. ಪರಿಚಯದವರೊಬ್ಬರು, ‘ಶಿವಮೊಗ್ಗದ ಬಳಿಯ ಮಾಚೇನಹಳ್ಳಿಯ ಫೌಂಡ್ರಿಯಲ್ಲಿ (ಎರಕದ ಕಾರ್ಖಾನೆಯಲ್ಲಿ) ಈಗಲೇ ಅಪ್ರೆಂಟಿಸ್ ಆಗಿ ಸೇರಿಸಿ, ಕೆಲಸ ಕಲಿಯುತ್ತಾ ಎಂಜಿನಿಯರ್ ಆಗುತ್ತಾನೆ’ ಎನ್ನುತ್ತಾರೆ. ನನ್ನ ಅಣ್ಣ, ಪಿಯುಸಿ ಸೈನ್ಸ್ ಓದಿಸಿ ಸಿಇಟಿ ಬರೆಸು ಎಂದು ಹಟ ಹಿಡಿದಿದ್ದಾರೆ. ನಾವು ಯಾರ ಮಾತು ಕೇಳಬೇಕು?

ಉತ್ತರ: ಮೊದಲು ನಿಮ್ಮ ಪರಿಚಯದವರ ಮಾತನ್ನು ಪರಿಶೀಲಿಸೋಣ. ಅಪ್ರೆಂಟಿಸ್ ತರಬೇತಿಯು 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ನಡೆಯುವ ವ್ಯವಸ್ಥೆ. ಆ ಕಾಯ್ದೆಯಂತೆ ಹದಿನಾಲ್ಕು ವರ್ಷ ತುಂಬಿದವರನ್ನು ಸೇರಿಸಿಕೊಳ್ಳಬಹುದಾದರೂ, ಅಪಾಯಕಾರಿ ಉದ್ದಿಮೆಗಳಿಗೆ ಸಂಬಂಧಿಸಿದ ಟ್ರೇಡ್‌ಗಳಲ್ಲಿ (ಕಸುಬುಗಳಲ್ಲಿ) ಹದಿನೆಂಟು ತುಂಬಿರಲೇಬೇಕು. ಫೌಂಡ್ರಿಗಳು ಕಾನೂನಿನ ಅಪಾಯಕಾರಿ ಉದ್ದಿಮೆಗಳ ಪಟ್ಟಿಯಲ್ಲಿವೆ. ಆದ್ದರಿಂದ ಹದಿನಾರರ ಹುಡುಗನನ್ನು ‘ಈಗಲೇ’ ಎರಕದ ಕೆಲಸಕ್ಕೆ ಕರೆಯುವವರು ಅವನನ್ನು ಅಪ್ರೆಂಟಿಸ್ ಎಂದು ಬಾಯಲ್ಲಿ ಹೇಳುತ್ತಾರೆಯೇ ಹೊರತು ಕಾಗದದ ಮೇಲೆ ಹಾಗೆ ನೋಂದಾಯಿಸಲಾರರು. ಅಪಾಯಕಾರಿಯಲ್ಲದ ಬೇರೆ ಟ್ರೇಡಿಗೆ ಕರೆದರೂ ಒಂದು ಮಾತು ನೆನಪಿಡಿ: ಹುಡುಗನಿಗೆ ಹದಿನೆಂಟು ತುಂಬದಿದ್ದರೆ ಕರಾರಿಗೆ ಪೋಷಕರಾದ ನೀವೇ ಸಹಿ ಹಾಕಬೇಕು. ನಿಮ್ಮ ಸಹಿಯನ್ನು ಯಾರೂ ಕೇಳದೆ ಮಗ ಕೆಲಸಕ್ಕೆ ಹೋಗುತ್ತಿದ್ದಾನೆಂದರೆ ಅಲ್ಲಿ ಕರಾರೇ ಇಲ್ಲವೆಂದು ತಿಳಿಯಬೇಕು.

ಇನ್ನೊಂದು ವಿಷಯವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಅಪ್ರೆಂಟಿಸ್ ತರಬೇತಿ ತಾನಾಗಿಯೇ ಯಾರನ್ನೂ ಎಂಜಿನಿಯರ್ ಮಾಡುವುದಿಲ್ಲ. ಟ್ರೇಡ್ ಅಪ್ರೆಂಟಿಸ್‌ಗೆ ಕೊನೆಯಲ್ಲಿ ಅಖಿಲ ಭಾರತ ಮಟ್ಟದ ಪರೀಕ್ಷೆ ನಡೆದು ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರಮಾಣಪತ್ರ ಸಿಗುತ್ತದೆ; ಅದು ನುರಿತ ಕುಶಲಕರ್ಮಿ ಎಂಬುದಕ್ಕೆ ಸಾಕ್ಷಿ. ಜೂನಿಯರ್ ಎಂಜಿನಿಯರ್ ಹುದ್ದೆಗೆ ಡಿಪ್ಲೊಮಾ, ಅದರ ಮೇಲಿನ ಹುದ್ದೆಗೆ ಬಿಇ ಕೇಳುತ್ತಾರೆ. ಹಾಗಾಗಿ ತರಬೇತಿಯನ್ನೂ ಓದನ್ನೂ ಒಂದರ ಮೇಲೊಂದು ಮೆಟ್ಟಿಲಾಗಿ ಜೋಡಿಸಿಕೊಂಡವರಿಗೆ ಮಾತ್ರ ಈ ದಾರಿ ಎಂಜಿನಿಯರಿಂಗ್‌ವರೆಗೆ ಹೋಗುತ್ತದೆ. ಉಳಿದವರಿಗೆ ಅದು ಕಾರ್ಖಾನೆಯ ಗೇಟಿನೊಳಗೇ ನಿಂತುಬಿಡುತ್ತದೆ.

ಈಗ ನಿಮ್ಮ ಅಣ್ಣನವರ ಮಾತು. ಪಿಯುಸಿ ಎರಡು ವರ್ಷ, ಬಿಇ ನಾಲ್ಕು ವರ್ಷ, ಒಟ್ಟು ಆರು. ಎಸ್ಸೆಸ್ಸೆಲ್ಸಿ ನಂತರ ನೇರವಾಗಿ ಪಾಲಿಟೆಕ್ನಿಕ್ ಸೇರಿ ಮೂರು ವರ್ಷದ ಡಿಪ್ಲೊಮಾ ಮುಗಿಸಿ, ಡಿಪ್ಲೊಮಾದವರಿಗೆಂದೇ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದರೆ ಬಿಇ ಎರಡನೇ ವರ್ಷಕ್ಕೇ ಪ್ರವೇಶ ದೊರೆಯುತ್ತದೆ. ಅಲ್ಲಿಗೂ ಆರೇ ವರ್ಷ. ಎರಡು ವರ್ಷದ ಐಟಿಐ ಮುಗಿಸಿದವರಿಗೆ ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಪ್ರವೇಶವಿದೆ. ಅಲ್ಲಿಂದ ಡಿಸಿಇಟಿ ಮೂಲಕ ಹೋದರೆ ಎರಡು, ಎರಡು ಮತ್ತು ಮೂರು ಸೇರಿ ಏಳು ವರ್ಷವಾಗುತ್ತದೆ. ನಡುವೆ ಒಂದು ವರ್ಷ ಅಪ್ರೆಂಟಿಸ್ ಆದರೆ ಎಂಟು. ‘ಐಟಿಐಗೆ ಹೋದರೆ ಹುಡುಗನ ಭವಿಷ್ಯ ಮುಗಿಯಿತು’ ಎಂದು ನೆಂಟರ ಮನೆಯ ಜಗಲಿಯಲ್ಲಿ ಕುಳಿತು ತೀರ್ಪು ಕೊಡುವವರು ಈ ಲೆಕ್ಕವನ್ನು ಒಮ್ಮೆಯಾದರೂ ಹಾಕಿ ನೋಡಬೇಕು. ಹೆಚ್ಚುವರಿ ಒಂದೆರಡು ವರ್ಷಗಳಲ್ಲಿ ಹುಡುಗ ಕೈಕೆಲಸ ಕಲಿತಿರುತ್ತಾನೆ; ಓದು ಎಲ್ಲಿ ನಿಂತರೂ ದುಡಿಯಲು ಒಂದು ವಿದ್ಯೆ ಅವನ ಬಳಿ ಇರುತ್ತದೆ.

ಹಾಗೆಂದು ಎಲ್ಲರಿಗೂ ಐಟಿಐ ಹೇಳುವುದೂ ತಪ್ಪು. ನಿಮ್ಮ ಮಗನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಗಣಿತದ ಸಾಲನ್ನು ಮಾತ್ರ ನೋಡಿ. ಅಲ್ಲಿ ಅಂಕ ಚೆನ್ನಾಗಿದ್ದು, ಪುಸ್ತಕದ ಬೇಸರ ಬರಿಯ ಪಾಠಮಾಡುವ ಕ್ರಮದಿಂದ ಹುಟ್ಟಿದ್ದಾದರೆ ಡಿಪ್ಲೊಮಾ ಸರಿ. ಭದ್ರಾವತಿಯ ವಿಐಎಸ್‌ಎಸ್‌ಜೆ ಸರ್ಕಾರಿ ಪಾಲಿಟೆಕ್ನಿಕ್, ಸಾಗರದ ಸಂಜಯ್ ಮೆಮೋರಿಯಲ್ ಪಾಲಿಟೆಕ್ನಿಕ್ ನಿಮಗೆ ತೀರಾ ದೂರದವಲ್ಲ. ಬಿಚ್ಚಿ ಜೋಡಿಸುವ ಹುಡುಗನಿಗೆ ಅವುಗಳಿಗಿಂತಲೂ ಹೊಂದುವ ಸಂಸ್ಥೆಯೊಂದು ಮಾಚೇನಹಳ್ಳಿಯಲ್ಲೇ ಇದೆ: ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಜನ ಹೇಳುವಂತೆ ಜಿಟಿಟಿಸಿ. ಡೆನ್ಮಾರ್ಕಿನ ಸಹಕಾರದಿಂದ 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಈ ಸಂಸ್ಥೆಯ ಶಾಖೆ ಇದು. ಇಲ್ಲಿಯ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾದಲ್ಲಿ ಮೂರು ವರ್ಷ ಸಂಸ್ಥೆಯೊಳಗೆ, ಒಂದು ವರ್ಷ ಕಾರ್ಖಾನೆಯಲ್ಲಿ ತರಬೇತಿ ಇರುತ್ತದೆ. ತರಗತಿಯಷ್ಟೇ ಹೊತ್ತು ಯಂತ್ರದ ಮುಂದೆಯೂ ನಿಲ್ಲಬೇಕು. ನಾನಾಗಿದ್ದರೆ ಮೊದಲ ಅರ್ಜಿ ಅಲ್ಲಿಗೆ ಹಾಕಿಸುತ್ತಿದ್ದೆ, ಎರಡನೆಯದು ಪಾಲಿಟೆಕ್ನಿಕ್‌ಗೆ, ಮೂರನೆಯದು ಸರ್ಕಾರಿ ಐಟಿಐನ ಫಿಟ್ಟರ್ ಅಥವಾ ಮೆಷಿನಿಸ್ಟ್ ಟ್ರೇಡಿಗೆ. ಫೌಂಡ್ರಿ ಎಲ್ಲಿಗೂ ಓಡಿಹೋಗುವುದಿಲ್ಲ; ಹದಿನೆಂಟು ತುಂಬಿದ ಮೇಲೆ ಕೈಯಲ್ಲೊಂದು ಸರ್ಟಿಫಿಕೇಟ್ ಹಿಡಿದು ಹೋದವನಿಗೆ ಅಲ್ಲಿ ಸಿಗುವ ಜಾಗವೇ ಬೇರೆ.

ಪ್ರಶ್ನೆ: ನಾನು ಭದ್ರಾವತಿಯವನು, ಐಟಿಐ ಫಿಟ್ಟರ್ ಮುಗಿಸಿದ್ದೇನೆ. ನಮ್ಮ ತಾತ ಕಬ್ಬಿಣದ ಕಾರ್ಖಾನೆಗೆ ಅಪ್ರೆಂಟಿಸ್ ಆಗಿ ಸೇರಿ ಫೋರ್‌ಮನ್ ಆಗಿ ನಿವೃತ್ತರಾದರು. ಈಗಲೂ ಅಪ್ರೆಂಟಿಸ್ ಮುಗಿಸಿದವರನ್ನು ಕಾಯಂ ಮಾಡುತ್ತಾರೆಯೇ? ಸ್ಟೈಪೆಂಡ್ ಎಷ್ಟು ಸಿಗುತ್ತದೆ?

ಉತ್ತರ: ನಿಮ್ಮ ತಾತನ ಕಾಲದ ಭದ್ರಾವತಿಯನ್ನು ಇಂದಿನ ಅಳತೆಗೋಲು ಮಾಡಿಕೊಳ್ಳಬೇಡಿ. 1923ರಲ್ಲಿ ಉತ್ಪಾದನೆ ಆರಂಭಿಸಿ, ಸರ್ ಎಂ. ವಿಶ್ವೇಶ್ವರಯ್ಯನವರ ಉಸ್ತುವಾರಿಯಲ್ಲಿ ಕಾಲೂರಿದ ಆ ಕಾರ್ಖಾನೆಗೆ ಬೇಕಾದ ಕೆಲಸಗಾರರನ್ನು ಅದು ತಾನೇ ತಯಾರಿಸಿಕೊಳ್ಳಬೇಕಿತ್ತು. ಕಲಿಸಿದವರನ್ನು ಉಳಿಸಿಕೊಳ್ಳುವುದು ಕಾರ್ಖಾನೆಗೇ ಲಾಭವಾಗಿತ್ತು. 1998ರಲ್ಲಿ ಅದು ಕೇಂದ್ರ ಸರ್ಕಾರದ ಉಕ್ಕು ಕಂಪನಿಯಾದ ಸೇಲ್‌ನೊಳಗೆ ವಿಲೀನವಾಯಿತು, 2023ರ ಜನವರಿಯಲ್ಲಿ ಮುಚ್ಚುವ ತೀರ್ಮಾನವೂ ಹೊರಬಿತ್ತು, ಆಮೇಲೆ ಅದೇ ವರ್ಷ ಕೆಲಮಟ್ಟಿಗೆ ಉತ್ಪಾದನೆ ಮತ್ತೆ ಶುರುವಾಯಿತು. ಪಕ್ಕದ ಕಾಗದದ ಕಾರ್ಖಾನೆ ಉತ್ಪಾದನೆ ನಿಲ್ಲಿಸಿದ ಕಥೆ ನಿಮಗೆ ಗೊತ್ತೇ ಇದೆ. ಒಂದೇ ಗೇಟಿನೊಳಗೆ ಹೊಕ್ಕು ಅಲ್ಲಿಯೇ ನಿವೃತ್ತಿಯಾಗುವ ನಂಬಿಕೆ ಈಗ ಯಾವ ಊರಿನಲ್ಲೂ ಉಳಿದಿಲ್ಲ.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ತರಬೇತಿ ಮುಗಿಸಿದ ಅಪ್ರೆಂಟಿಸ್‌ಗೆ ಕೆಲಸ ಕೊಡಲೇಬೇಕೆಂಬ ಕಟ್ಟುಪಾಡು ಮಾಲೀಕರಿಗಿಲ್ಲ. ಕೊಟ್ಟ ಕೆಲಸವನ್ನು ಒಪ್ಪಿಕೊಳ್ಳಲೇಬೇಕೆಂಬ ಕಟ್ಟುಪಾಡು ನಿಮಗೂ ಇಲ್ಲ. 2014ರ ತಿದ್ದುಪಡಿಯ ನಂತರ ಪ್ರತಿ ಸಂಸ್ಥೆಯೂ ತರಬೇತಿ ಮುಗಿಸಿದವರ ನೇಮಕಾತಿಗೆ ತನ್ನದೇ ನೀತಿಯನ್ನು ರೂಪಿಸಿಕೊಳ್ಳಬೇಕು. ಸಂದರ್ಶನದಲ್ಲಿ ಆ ನೀತಿ ಏನೆಂದು ಕೇಳುವುದರಲ್ಲಿ ಸಂಕೋಚ ಬೇಡ. ಉತ್ತರ ಪ್ರದೇಶದ ರಸ್ತೆ ಸಾರಿಗೆ ನಿಗಮದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1995ರಲ್ಲಿ ಕೊಟ್ಟ ತೀರ್ಪು, ಉಳಿದ ಅರ್ಹತೆಗಳೆಲ್ಲ ಸಮವಾಗಿದ್ದರೆ ತರಬೇತಿ ಪಡೆದ ಅಪ್ರೆಂಟಿಸ್‌ಗೆ ಹೊಸಬನಿಗಿಂತ ಆದ್ಯತೆ ಕೊಡಬೇಕೆಂದು ಹೇಳಿದೆ. ಆದ್ಯತೆ ಎಂದರೆ ಖಾತರಿ ಎಂದು ಅರ್ಥಮಾಡಿಕೊಂಡು ಕೋರ್ಟಿಗೆ ಅಲೆದವರು ಇದ್ದಾರೆ, ಅದು ವ್ಯರ್ಥ. ರೈಲ್ವೆಯಲ್ಲಿ ಮಾತ್ರ ಇದಕ್ಕೊಂದು ಗಟ್ಟಿಯಾದ ರೂಪವಿದೆ: ರೈಲ್ವೆ ಕಾರ್ಯಾಗಾರಗಳಲ್ಲಿ ಅಪ್ರೆಂಟಿಸ್ ಮುಗಿಸಿದವರಿಗೆ ಲೆವೆಲ್-1 (ಅತ್ಯಂತ ಕೆಳಹಂತದ) ಹುದ್ದೆಗಳ ನೇರ ನೇಮಕಾತಿಯಲ್ಲಿ ಶೇ. 20ರಷ್ಟು ಹುದ್ದೆಗಳನ್ನು ಮೀಸಲಿಡಲಾಗಿದೆ. ಪರೀಕ್ಷೆಯನ್ನಂತೂ ಬರೆಯಲೇಬೇಕು. ನೈಋತ್ಯ ರೈಲ್ವೆಯ ಹುಬ್ಬಳ್ಳಿ ಮತ್ತು ಮೈಸೂರು ಕಾರ್ಯಾಗಾರಗಳಿಗೆ ಎಸ್ಸೆಸ್ಸೆಲ್ಸಿ ಮತ್ತು ಐಟಿಐ ಅಂಕಗಳ ಆಧಾರದ ಮೇಲೆಯೇ ಆಯ್ಕೆ ನಡೆಯುವುದರಿಂದ, ಅಂಕ ಚೆನ್ನಾಗಿರುವವರು ಆ ಅಧಿಸೂಚನೆಯನ್ನು ಕಾಯಬೇಕು.

ಸ್ಟೈಪೆಂಡಿನ ವಿಷಯ. 2019ರಲ್ಲಿ ತಿದ್ದುಪಡಿಯಾದ ನಿಯಮಗಳು ಐಟಿಐ ಮುಗಿಸಿದವರಿಗೆ ತಿಂಗಳಿಗೆ ಕನಿಷ್ಠ 7,700 ರೂಪಾಯಿ, ಡಿಪ್ಲೊಮಾದವರಿಗೆ 8,000, ಪದವೀಧರರಿಗೆ 9,000 ಎಂದು ಗೊತ್ತುಪಡಿಸಿದವು. ಇದನ್ನು ಶೇ. 36ರಷ್ಟು ಏರಿಸುವಂತೆ ಕೇಂದ್ರೀಯ ಅಪ್ರೆಂಟಿಸ್‌ಶಿಪ್ ಮಂಡಳಿ 2025ರಲ್ಲಿ ಶಿಫಾರಸು ಮಾಡಿದೆ. ಇದು ಕನಿಷ್ಠ ಮೊತ್ತವಷ್ಟೆ. ಹೆಚ್ಚು ಕೊಡುವ ಕಂಪನಿಗಳಿವೆ. ಆದರೆ ಎರಡು ಸಾವಿರ ಹೆಚ್ಚು ಸಿಗುತ್ತದೆಂದು ಬೆಂಗಳೂರಿಗೆ ಹೊರಡುವ ಮುನ್ನ ಅಲ್ಲಿಯ ರೂಮಿನ ಬಾಡಿಗೆ ಮತ್ತು ಊಟದ ಖರ್ಚನ್ನು ಕೂಡಿಸಿ ನೋಡಿ. ಭದ್ರಾವತಿಯಿಂದ ಮಾಚೇನಹಳ್ಳಿಗೆ ಬಸ್ಸಿನಲ್ಲಿ ಹೋಗಿಬಂದು ಅಮ್ಮನ ಕೈ ಊಟ ಮಾಡುವವನ ಜೇಬಿನಲ್ಲಿ ತಿಂಗಳ ಕೊನೆಗೆ ಹೆಚ್ಚು ಉಳಿದಿರುತ್ತದೆ.

ಪ್ರಶ್ನೆ: ಶಿವಮೊಗ್ಗದಲ್ಲಿ ಮೆಕ್ಯಾನಿಕಲ್ ಬಿಇ ಮುಗಿಸಿ ಒಂದು ವರ್ಷವಾಯಿತು. ಕ್ಯಾಂಪಸ್ ಸಂದರ್ಶನದಲ್ಲಿ ಸಿಕ್ಕಿದ್ದು ಸಾಫ್ಟ್‌ವೇರ್ ಕೆಲಸ, ಅದೂ ಕೈತಪ್ಪಿತು. ಈಗ ಇಲ್ಲಿಯ ಫೌಂಡ್ರಿಯೊಂದರಲ್ಲಿ ಪದವೀಧರ ಅಪ್ರೆಂಟಿಸ್ ಆಗಿ ಕರೆದಿದ್ದಾರೆ. ಮನೆಯಲ್ಲಿ, ‘ಬಿಇ ಓದಿ ಐಟಿಐ ಹುಡುಗರ ಜೊತೆ ನಿಲ್ಲುತ್ತೀಯಾ’ ಎಂದು ಬೇಸರಪಡುತ್ತಿದ್ದಾರೆ. ಹೋಗಲೇ, ಬೇಡವೇ?

ಉತ್ತರ: ಹೋಗಿ. ನಿಮಗೆ ಕೊಡುವ ಉತ್ತರದಲ್ಲಿ ನನಗೆ ಅನುಮಾನವೇ ಇಲ್ಲದಿರುವುದರಿಂದ ಕಾರಣಗಳನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ಮೂಲತಃ ಟ್ರೇಡ್ ಕಲಿಯುವವರಿಗೆಂದೇ ಇದ್ದ ಕಾಯ್ದೆಯೊಳಕ್ಕೆ ಎಂಜಿನಿಯರಿಂಗ್ ಪದವೀಧರರನ್ನೂ ಡಿಪ್ಲೊಮಾದವರನ್ನೂ 1973ರ ತಿದ್ದುಪಡಿಯಿಂದ ತರಲಾಯಿತು. ಕಾಲೇಜಿನಿಂದ ಹೊರಬಂದವರಿಗೆ ಕಾರ್ಖಾನೆಯ ಅನುಭವವಿಲ್ಲ ಎಂಬ ದೂರು ಆಗಲೂ ಇತ್ತು ಎಂಬುದಕ್ಕೆ ಇದೇ ಸಾಕ್ಷಿ. ಈ ಒಂದು ವರ್ಷದ ತರಬೇತಿಯನ್ನು ಕೇಂದ್ರ ಶಿಕ್ಷಣ ಸಚಿವಾಲಯದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ತರಬೇತಿ ಯೋಜನೆ, ಎಂದರೆ ನ್ಯಾಟ್ಸ್, ನೋಡಿಕೊಳ್ಳುತ್ತದೆ. ನಮ್ಮ ರಾಜ್ಯ ಚೆನ್ನೈನಲ್ಲಿರುವ ದಕ್ಷಿಣ ವಲಯ ಮಂಡಳಿಯ ವ್ಯಾಪ್ತಿಗೆ ಬರುತ್ತದೆ. ಕನಿಷ್ಠ ಸ್ಟೈಪೆಂಡಿನ ಅರ್ಧವನ್ನು ಸರ್ಕಾರವೇ ಭರಿಸುತ್ತದೆ. ಕೊನೆಯಲ್ಲಿ ಸಿಗುವ ಪ್ರಾವೀಣ್ಯ ಪ್ರಮಾಣಪತ್ರ ಕೇಂದ್ರ ಸರ್ಕಾರದ ಮಂಡಳಿ ಕೊಡುವಂಥದ್ದು. ಒಂದು ವರ್ಷ ಅಥವಾ ಅದಕ್ಕೂ ಹೆಚ್ಚಿನ ಕೆಲಸದ ಅನುಭವ ಇರುವವರಿಗೆ ಈ ಯೋಜನೆಯಲ್ಲಿ ಅವಕಾಶವಿಲ್ಲ. ಹಾಗಾಗಿ ‘ಈಗ ಎಲ್ಲಾದರೂ ಇರುತ್ತೇನೆ, ಆಮೇಲೆ ನೋಡೋಣ’ ಎನ್ನುವವರಿಗೆ ಈ ಬಾಗಿಲು ತಾನಾಗಿಯೇ ಮುಚ್ಚಿಕೊಳ್ಳುತ್ತದೆ.

ಈಗ ಕಲಿಕೆಯ ವಿಷಯ. ಕಾಲೇಜಿನಲ್ಲಿ ನೀವು ಎರಕದ ಬಗ್ಗೆ ಒಂದು ಘಟಕವನ್ನು ಓದಿರುತ್ತೀರಿ, ಪರೀಕ್ಷೆಯಲ್ಲಿ ಬ್ಲೋಹೋಲ್‌ಗೆ (ಎರಕದೊಳಗೆ ಅನಿಲ ಸಿಕ್ಕಿಕೊಂಡು ಆಗುವ ತೂತಿಗೆ) ಕಾರಣಗಳನ್ನು ಬರೆದಿರುತ್ತೀರಿ. ಫೌಂಡ್ರಿಯಲ್ಲಿ ಅದೇ ಬ್ಲೋಹೋಲ್ ಬರುವ ರೀತಿ ಬೇರೆ. ಎರಕ ನೋಡಲು ಅಚ್ಚುಕಟ್ಟಾಗಿ ಬಂದಿರುತ್ತದೆ. ಮೂರು ದಿನ ಕಳೆದು ಮೆಷಿನ್ ಶಾಪಿನಲ್ಲಿ ಒಂದು ಪದರ ಕತ್ತರಿಸಿದ ಕೂಡಲೇ ಚರ್ಮದಡಿಯ ಗುಳ್ಳೆಯಂತೆ ತೂತು ಕಾಣಿಸಿಕೊಳ್ಳುತ್ತದೆ. ಆ ಹೊತ್ತಿಗೆ ಅದೇ ಮರಳಿನಲ್ಲಿ ಎರೆದ ಇನ್ನಷ್ಟು ಎರಕಗಳು ರಾಶಿ ಬಿದ್ದಿರುತ್ತವೆ. ತಪ್ಪು ಮರಳಿನ ತೇವದಲ್ಲಿತ್ತೇ, ಎರಕದಲ್ಲಿ ಟೊಳ್ಳು ಬಿಡಲು ಇಡುವ ಮರಳಿನ ಕೋರ್ ಸರಿಯಾಗಿ ಬೆಂದಿರಲಿಲ್ಲವೇ, ಗಾಳಿ ಹೊರಹೋಗುವ ದಾರಿ ಕಟ್ಟಿಕೊಂಡಿತ್ತೇ, ಕಬ್ಬಿಣ ತಣ್ಣಗಾಗಿತ್ತೇ ಎಂದು ಹಿಂದಕ್ಕೆ ಹುಡುಕುತ್ತಾ ಹೋಗಬೇಕು. ಮರಳಿನ ಅಚ್ಚು ಮಾಡುವ ಹಳೆಯ ಮೌಲ್ಡರ್ ಒಂದು ಹಿಡಿ ಮರಳನ್ನು ಮುಷ್ಟಿಯಲ್ಲಿ ಒತ್ತಿ, ಆ ಉಂಡೆಯನ್ನು ಎರಡಾಗಿ ಮುರಿದು, ಮುರಿದ ಅಂಚು ಚೂಪಾಗಿ ನಿಂತಿದೆಯೇ ಉದುರುತ್ತಿದೆಯೇ ಎಂದು ನೋಡಿ ತೇವ ಹೇಳುತ್ತಾನೆ. ಲ್ಯಾಬಿನ ಉಪಕರಣ ಅದೇ ತೇವವನ್ನು ಶೇಕಡಾವಾರು ಅಂಕಿಯಲ್ಲಿ ಹೇಳುತ್ತದೆ. ಈ ಎರಡನ್ನೂ ಒಟ್ಟಿಗೆ ನೋಡುವ ಅವಕಾಶ ಪದವೀಧರ ಅಪ್ರೆಂಟಿಸ್‌ಗಿದೆ, ಮೌಲ್ಡರ್‌ಗೂ ಇಲ್ಲ, ಆಫೀಸಿನಲ್ಲಿ ಕೂತ ಮ್ಯಾನೇಜರ್‌ಗೂ ಇಲ್ಲ.

ಇನ್ನೊಂದು ಉದಾಹರಣೆ. ವಾಹನಗಳ ಬಿಡಿಭಾಗಗಳಿಗೆ ಬಳಸುವ, ಸುಲಭವಾಗಿ ಒಡೆಯದ ಡಕ್ಟೈಲ್ ಕಬ್ಬಿಣವನ್ನು ತಯಾರಿಸುವಾಗ ಕರಗಿದ ಲೋಹಕ್ಕೆ ಮೆಗ್ನೀಸಿಯಂ ಸೇರಿಸುತ್ತಾರೆ. ಅದರ ಪರಿಣಾಮ ಹೊತ್ತು ಕಳೆದಂತೆ ಇಳಿಯುತ್ತದೆ. ಕೆಲವೇ ನಿಮಿಷಗಳಲ್ಲಿ ಎರೆದು ಮುಗಿಸದಿದ್ದರೆ ಗ್ರಾಫೈಟ್ ದುಂಡಗಿನ ಗುಂಡುಗಳಾಗಿ ನಿಲ್ಲದೆ ಎರಕ ಪೆಡಸಾಗುತ್ತದೆ. ಪುಸ್ತಕದಲ್ಲಿ ಇದು ಒಂದು ಸಾಲು. ಶಾಪಿನಲ್ಲಿ, ಕ್ರೇನ್ ಎರಡು ನಿಮಿಷ ನಿಂತಾಗ ಲ್ಯಾಡಲ್‌ನಲ್ಲಿರುವ (ಎರೆಯುವ ಪಾತ್ರೆಯಲ್ಲಿರುವ) ಲೋಹವನ್ನು ಎರೆಯಬೇಕೇ, ಕುಲುಮೆಗೆ ಹಿಂದಕ್ಕೆ ಹಾಕಬೇಕೇ ಎಂದು ಯಾರಾದರೂ ನಿರ್ಧರಿಸಬೇಕಾಗುತ್ತದೆ. ಆ ನಿರ್ಧಾರ ತೆಗೆದುಕೊಳ್ಳಬಲ್ಲವನಿಗೇ ಕಂಪನಿ ಎಂಜಿನಿಯರ್ ಎಂದು ಸಂಬಳ ಕೊಡುತ್ತದೆ. ಐಟಿಐ ಹುಡುಗರ ಜೊತೆ ನಿಲ್ಲುವುದನ್ನು ಮನೆಯವರು ಅವಮಾನ ಎಂದುಕೊಂಡಿದ್ದಾರೆ. ಆ ಹುಡುಗರಿಗೆ ನಿಮಗಿಂತ ಚೆನ್ನಾಗಿ ಅಳತೆಯ ವರ್ನಿಯರ್ ಹಿಡಿಯಲು ಬರುತ್ತದೆ ಎಂಬುದು ಮೊದಲ ವಾರದಲ್ಲೇ ನಿಮಗೆ ತಿಳಿಯುತ್ತದೆ, ಅವರಿಂದ ಕಲಿಯಿರಿ.

ಸೇರುವಾಗ ಒಂದು ಎಚ್ಚರಿಕೆ ಮಾತ್ರ ಬೇಕು. ವರ್ಷವಿಡೀ ಒಂದೇ ವಿಭಾಗದಲ್ಲಿ ರಿಪೋರ್ಟ್ ಟೈಪ್ ಮಾಡಿಸುವ ಕಡೆಗಳೂ ಇವೆ. ಪ್ಯಾಟರ್ನ್, ಮೌಲ್ಡಿಂಗ್, ಮೆಲ್ಟಿಂಗ್, ಫೆಟ್ಲಿಂಗ್ (ಎರಕ ಶುಚಿಮಾಡುವುದು), ಮೆಷಿನಿಂಗ್, ಗುಣಮಟ್ಟ ಪರೀಕ್ಷೆ, ಇವುಗಳಲ್ಲಿ ಯಾವ ತಿಂಗಳು ಎಲ್ಲಿರುತ್ತೀರಿ ಎಂಬ ತರಬೇತಿ ಕ್ರಮವನ್ನು ಬರಹದಲ್ಲಿ ಕೇಳಿ. ಮತ್ತೊಂದು ಸಣ್ಣ ಸಂಗತಿ: ರಾಜ್ಯ ಸರ್ಕಾರದ ನಿರುದ್ಯೋಗ ಭತ್ಯೆಯಾದ ಯುವನಿಧಿಗೆ ಅರ್ಜಿ ಹಾಕಿದ್ದರೆ, ಅಪ್ರೆಂಟಿಸ್ ಸ್ಟೈಪೆಂಡ್ ಪಡೆಯುವವರಿಗೆ ಆ ಭತ್ಯೆ ಸಲ್ಲುವುದಿಲ್ಲ.

ಪ್ರಶ್ನೆ: ಸಾಗರದಲ್ಲಿ ಎಲೆಕ್ಟ್ರಿಕಲ್ ಅಂಡ್ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದ್ದೇನೆ. ಡಿಸಿಇಟಿಯಲ್ಲಿ ಒಳ್ಳೆಯ ರ‍್ಯಾಂಕ್ ಬಂದಿದೆ. ಅಪ್ಪಯ್ಯ, ಬಿಇ ಸೇರು ಎನ್ನುತ್ತಾರೆ. ಗೆಳತಿಯರು ವಿದ್ಯುತ್ ಕಂಪನಿಯಲ್ಲಿ ಒಂದು ವರ್ಷ ಅಪ್ರೆಂಟಿಸ್ ಮಾಡೋಣ, ಆಮೇಲೆ ಬಿಇ ನೋಡೋಣ ಎನ್ನುತ್ತಾರೆ. ಹೆಣ್ಣುಮಕ್ಕಳಿಗೆ ಸಬ್‌ಸ್ಟೇಷನ್ ಕೆಲಸ ಹೊಂದುತ್ತದೆಯೇ ಎಂಬ ಅಳುಕೂ ಇದೆ.

ಉತ್ತರ: ಮೇಲಿನ ಪದವೀಧರ ಯುವಕನಿಗೆ ಅಪ್ರೆಂಟಿಸ್ ಆಗಿ ಹೋಗಿ ಎಂದ ನಾನು ನಿಮಗೆ ಬಿಇ ಸೇರಿ ಎನ್ನುತ್ತಿದ್ದೇನೆ. ಅವರ ಓದು ಮುಗಿದಿದೆ, ನಿಮ್ಮದು ನಡುದಾರಿಯಲ್ಲಿದೆ. ಡಿಪ್ಲೊಮಾದಿಂದ ಬಿಇಗೆ ಹೋದವರು ಎಡವುವುದು ಸಾಮಾನ್ಯವಾಗಿ ಗಣಿತದಲ್ಲಿ. ಎಲೆಕ್ಟ್ರಿಕಲ್ ಶಾಖೆಯಲ್ಲಂತೂ ಗಣಿತವಿಲ್ಲದೆ ಒಂದು ಹೆಜ್ಜೆಯನ್ನೂ ಇಡಲಾಗದು. ಒಳ್ಳೆಯ ರ‍್ಯಾಂಕ್ ತಂದುಕೊಟ್ಟ ಗಣಿತ ಒಂದು ವರ್ಷ ಕೈಬಿಟ್ಟರೆ ಮಾಸಿಹೋಗುತ್ತದೆ. ಮುಂದಿನ ವರ್ಷವೂ ಡಿಸಿಇಟಿ ಬರೆಯಬಹುದು ಎಂಬುದು ನಿಜ, ಆದರೆ ಇದೇ ರ‍್ಯಾಂಕ್ ಬರಬೇಕೆಂದೇನೂ ಇಲ್ಲ. ಇನ್ನೂ ಒಂದು ಕಾರಣವಿದೆ: ಈಗಾಗಲೇ ಒಮ್ಮೆ ಅಪ್ರೆಂಟಿಸ್ ಮುಗಿಸಿದವರು ಅರ್ಜಿ ಹಾಕುವಂತಿಲ್ಲ ಎಂಬ ಷರತ್ತು ಅನೇಕ ಅಧಿಸೂಚನೆಗಳಲ್ಲಿ ಇರುತ್ತದೆ. ಆ ಅವಕಾಶವನ್ನು ಡಿಪ್ಲೊಮಾ ಮಟ್ಟದಲ್ಲಿ ಬಳಸಿಬಿಡುವುದಕ್ಕಿಂತ ಬಿಇ ನಂತರ ಬಳಸುವುದು ಜಾಣತನ. ಮನೆಯ ಹಣಕಾಸು ಬಿಗಿಯಾಗಿದ್ದು ಈಗಲೇ ದುಡಿಮೆ ಬೇಕಿದ್ದರೆ ನನ್ನ ಉತ್ತರ ಬೇರೆಯಾಗುತ್ತಿತ್ತು. ನಿಮ್ಮ ಅಪ್ಪಯ್ಯನವರೇ ಓದಿಸುತ್ತೇನೆ ಎನ್ನುತ್ತಿರುವಾಗ ಆ ಪ್ರಶ್ನೆ ಏಳುವುದಿಲ್ಲ.

ಸಬ್‌ಸ್ಟೇಷನ್ ಬಗೆಗಿನ ಅಳುಕು ಬೇಡ. ಶಿವಮೊಗ್ಗ ಸೇರಿ ನಾಲ್ಕು ಜಿಲ್ಲೆಗಳಿಗೆ ವಿದ್ಯುತ್ ವಿತರಿಸುವ ಮೆಸ್ಕಾಂ ಹಿಂದೆ ಪದವೀಧರ ಮತ್ತು ಡಿಪ್ಲೊಮಾ ಅಪ್ರೆಂಟಿಸ್‌ಗಳನ್ನು ಕರೆದಿದೆ, ಆ ಕರೆಯಲ್ಲಿ ಹೆಣ್ಣು ಗಂಡೆಂಬ ಭೇದವಿಲ್ಲ. ನೀವು ಇರುವ ತಾಲ್ಲೂಕನ್ನು ಮರೆಯಬೇಡಿ. ಲಿಂಗನಮಕ್ಕಿಯ ನೀರಿನಿಂದ ಶರಾವತಿ ವಿದ್ಯುದಾಗಾರದಲ್ಲಿ ತಿರುಗುವ ಹತ್ತು ಘಟಕಗಳು, ತಲಾ 103.5 ಮೆಗಾವಾಟ್‌ನಂತೆ 1,035 ಮೆಗಾವಾಟ್ ಸಾಮರ್ಥ್ಯದವು, ನಿಮ್ಮ ಮನೆಯಿಂದ ಬಸ್ಸಿನ ದಾರಿಯಲ್ಲಿವೆ. ಬಿಇ ರಜೆಯಲ್ಲಿ ಕಾಲೇಜಿನ ಪತ್ರ ಪಡೆದು ಅಂಥ ಕಡೆ ಒಂದಷ್ಟು ದಿನದ ತರಬೇತಿಗೆ ಪ್ರಯತ್ನಿಸಿ. ಅದು ಇಂಟರ್ನ್‌ಶಿಪ್, ಅಪ್ರೆಂಟಿಸ್‌ಶಿಪ್ ಅಲ್ಲ. ಅದನ್ನು ಮಾಡಿದರೆ ಮುಂದಿನ ಅವಕಾಶಕ್ಕೆ ಕುಂದಿಲ್ಲ.

ಪ್ರಶ್ನೆ: ಐಟಿಐ ಎಲೆಕ್ಟ್ರಿಷಿಯನ್ ಮುಗಿಸಿ ಒಂದು ಕಾರ್ಖಾನೆಗೆ ಅಪ್ರೆಂಟಿಸ್ ಎಂದು ಸೇರಿದೆ. ಎಂಟು ತಿಂಗಳಾಯಿತು, ಪ್ಯಾಕಿಂಗ್ ಮತ್ತು ಲೋಡಿಂಗ್ ಬಿಟ್ಟು ಬೇರೇನೂ ಮಾಡಿಸಿಲ್ಲ. ಇಂತಿಷ್ಟು ಪೆಟ್ಟಿಗೆ ತುಂಬಿದರೆ ಇಂತಿಷ್ಟು ಹಣ ಎಂದು ಲೆಕ್ಕ ಹಾಕುತ್ತಾರೆ. ರಾತ್ರಿ ಹೆಚ್ಚುವರಿ ಹೊತ್ತೂ ನಿಲ್ಲಿಸಿಕೊಳ್ಳುತ್ತಾರೆ. ಬಿಟ್ಟುಬಿಡಲೇ?

ಉತ್ತರ: ಬಿಡುವ ಮುನ್ನ ನೀವು ನಿಜವಾಗಿಯೂ ಅಪ್ರೆಂಟಿಸ್ ಆಗಿದ್ದೀರೋ ಇಲ್ಲವೋ ತಿಳಿದುಕೊಳ್ಳಿ. ಸರ್ಕಾರದ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ನಿಮ್ಮ ಹೆಸರಿನ ನೋಂದಣಿ ಮತ್ತು ಕರಾರು ಇದೆಯೇ ನೋಡಿ. ನಿಮ್ಮ ಸಹಿಯಿರುವ, ಟ್ರೇಡ್ ಯಾವುದೆಂದು ಬರೆದಿರುವ ಕರಾರು ಇಲ್ಲದಿದ್ದರೆ ನೀವು ಕಡಿಮೆ ಕೂಲಿಯ ಕೆಲಸಗಾರರು, ಅಷ್ಟೆ. ಆಗ ನಿಮ್ಮ ಹಕ್ಕುಗಳು ಕನಿಷ್ಠ ವೇತನ, ಭವಿಷ್ಯನಿಧಿ ಮುಂತಾದ ಕಾರ್ಮಿಕ ಕಾನೂನುಗಳಲ್ಲಿವೆ. ದೂರು ಕಾರ್ಮಿಕ ಇಲಾಖೆಗೆ ಹೋಗಬೇಕು.

ಕರಾರು ಇದ್ದರೆ ಪತ್ರದಲ್ಲಿ ನೀವು ಹೇಳಿರುವ ಮೂರೂ ಸಂಗತಿಗಳು ಕಾಯ್ದೆಗೆ ವಿರುದ್ಧ. ಕರಾರಿನಲ್ಲಿರುವ ಟ್ರೇಡಿನ ತರಬೇತಿಯನ್ನೇ ಕೊಡಬೇಕು. ತುಂಡುಗುತ್ತಿಗೆ ಲೆಕ್ಕದಲ್ಲಿ ಅಪ್ರೆಂಟಿಸ್‌ಗೆ ಹಣ ಕೊಡುವಂತಿಲ್ಲ, ಸ್ಟೈಪೆಂಡ್ ತಿಂಗಳ ಲೆಕ್ಕದಲ್ಲಿ, ಮರು ತಿಂಗಳ ಹತ್ತನೇ ತಾರೀಖಿನೊಳಗೆ ಸಲ್ಲಬೇಕು. ಅಪ್ರೆಂಟಿಸ್‌ಶಿಪ್ ಸಲಹೆಗಾರರ ಒಪ್ಪಿಗೆಯಿಲ್ಲದೆ ಓವರ್‌ಟೈಮ್ ಮಾಡಿಸುವಂತಿಲ್ಲ. ಕೆಲಸದ ವೇಳೆ ಪೆಟ್ಟಾದರೆ ಪರಿಹಾರದ ಹಕ್ಕೂ ಇದೆ. ನೀವು ಓದಿದ ಸರ್ಕಾರಿ ಐಟಿಐಗೆ ಹೋಗಿ ಪ್ರಾಂಶುಪಾಲರನ್ನು ಕಂಡು, ರಾಜ್ಯದ ಕೈಗಾರಿಕಾ ತರಬೇತಿ ಮತ್ತು ಉದ್ಯೋಗ ಇಲಾಖೆಯಲ್ಲಿರುವ ಅಪ್ರೆಂಟಿಸ್‌ಶಿಪ್ ಸಲಹೆಗಾರರಿಗೆ ಬರಹದಲ್ಲಿ ದೂರು ಕೊಡಿ. ಅವರ ತೀರ್ಮಾನ ಒಪ್ಪಿಗೆಯಾಗದಿದ್ದರೆ 30 ದಿನಗಳೊಳಗೆ ಮೇಲ್ಮನವಿಗೆ ಅವಕಾಶವಿದೆ. ಸಿಟ್ಟಿನಲ್ಲಿ ಹೇಳದೆ ಕೇಳದೆ ಬಿಟ್ಟುಹೋಗಬೇಡಿ. ಕರಾರನ್ನು ಮುರಿದವರು ನೀವೆಂದಾದರೆ ತರಬೇತಿಯ ವೆಚ್ಚ ಕೇಳುವ ಅವಕಾಶ ಮಾಲೀಕರಿಗೆ ಸಿಗುತ್ತದೆ, ಎಂಟು ತಿಂಗಳೂ ನೀರಿನಲ್ಲಿ ಹೋಮವಾಗುತ್ತದೆ. ಯಾವ ದಿನ ಯಾವ ಕೆಲಸ ಕೊಟ್ಟರು ಎಂದು ಇಂದಿನಿಂದಲೇ ಒಂದು ನೋಟ್‌ಬುಕ್ಕಿನಲ್ಲಿ ತಾರೀಖಿನೊಂದಿಗೆ ಬರೆದಿಡಿ, ವಿಚಾರಣೆಯಲ್ಲಿ ನಿಮ್ಮ ಬಾಯಿಮಾತಿಗಿಂತ ಅದಕ್ಕೆ ಹೆಚ್ಚು ತೂಕ.

ಪ್ರಶ್ನೆ: ಕೊಪ್ಪದವನು, ವಯಸ್ಸು 27. ಡಿಪ್ಲೊಮಾ ಮುಗಿಸಿ ಇಷ್ಟು ವರ್ಷ ತೋಟ ನೋಡಿಕೊಂಡೆ. ಈಗ ಅಪ್ರೆಂಟಿಸ್ ಆಗಲು ವಯಸ್ಸು ಮೀರಿತೇ?

ಉತ್ತರ: ಕಾಯ್ದೆಯಲ್ಲಿ ಕನಿಷ್ಠ ವಯಸ್ಸಿದೆ, ಗರಿಷ್ಠ ವಯಸ್ಸು ಆಯಾ ಸಂಸ್ಥೆಯ ಅಧಿಸೂಚನೆಗೆ ಬಿಟ್ಟದ್ದು. ರೈಲ್ವೆಗೆ ಸಾಮಾನ್ಯ ವರ್ಗದಲ್ಲಿ 24 ವರ್ಷದ ಮಿತಿಯಿರುವುದರಿಂದ ಅದನ್ನು ಬಿಡಿ. ತೋಟ ನೋಡಿಕೊಂಡದ್ದು ಕಂಪನಿಯ ಅನುಭವವಲ್ಲವಾದ್ದರಿಂದ, ಒಂದು ವರ್ಷದ ಅನುಭವವಿದ್ದವರಿಗೆ ಅವಕಾಶವಿಲ್ಲ ಎಂದು ಮೇಲೆ ಹೇಳಿದ ನಿಯಮ ನಿಮಗೆ ತೊಡಕಾಗದು. ಆದರೆ ಡಿಪ್ಲೊಮಾ ಪಾಸಾಗಿ ಇಷ್ಟು ವರ್ಷಗಳೊಳಗಿರಬೇಕು ಎಂದು ಅನೇಕ ಅಧಿಸೂಚನೆಗಳು ಹೇಳುತ್ತವೆ, ಮೊದಲು ಆ ಸಾಲನ್ನು ಓದಿ. ಅಲ್ಲಿ ತಡೆಯಾದರೆ ಜಿಟಿಟಿಸಿಯಂಥ ಕಡೆ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಯಂತ್ರ) ಪ್ರೋಗ್ರಾಮಿಂಗಿನ ಅಲ್ಪಾವಧಿ ತರಬೇತಿ ಪಡೆದು ನೇರವಾಗಿ ಕೆಲಸಕ್ಕೆ ಪ್ರಯತ್ನಿಸುವುದು ನಿಮ್ಮ ವಯಸ್ಸಿಗೆ ಹೆಚ್ಚು ಸರಿ.

ಪ್ರಶ್ನೆ: ಶಿವಮೊಗ್ಗದ ಸಾಗರ ರಸ್ತೆಯಲ್ಲಿ ನನ್ನದೊಂದು ಸಣ್ಣ ಮೆಷಿನ್ ಶಾಪ್. ಎರಡು ಲೇತ್, ಒಂದು ಸಿಎನ್‌ಸಿ, ನನ್ನನ್ನು ಬಿಟ್ಟು ಆರು ಜನ ಕೆಲಸಗಾರರು. ಹುಡುಗರನ್ನು ಕಾನೂನಿನಂತೆಯೇ ಅಪ್ರೆಂಟಿಸ್ ಮಾಡಿಕೊಳ್ಳಬೇಕೆಂದಿದೆ. ನನ್ನಂಥವರಿಗೆ ಅವಕಾಶವಿದೆಯೇ? ಕಲಿತ ಕೂಡಲೇ ದೊಡ್ಡ ಕಂಪನಿಗೆ ಹಾರಿಹೋಗುತ್ತಾರೆ ಎಂಬ ಭಯವೂ ಇದೆ.

ಉತ್ತರ: ಅವಕಾಶವಿದೆ. 30 ಅಥವಾ ಅದಕ್ಕೂ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳಿಗೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು ಕಡ್ಡಾಯ, ಒಟ್ಟು ಸಂಖ್ಯೆಯ ಶೇ. 2.5ರಿಂದ 15ರವರೆಗೆ. ನಾಲ್ಕರಿಂದ 29 ಜನರಿರುವ ನಿಮ್ಮಂಥವರಿಗೆ ಅದು ಇಚ್ಛೆಗೆ ಬಿಟ್ಟದ್ದು. ಪೋರ್ಟಲ್‌ನಲ್ಲಿ ಸಂಸ್ಥೆಯನ್ನು ನೋಂದಾಯಿಸಿ, ಟರ್ನರ್ ಅಥವಾ ಮೆಷಿನಿಸ್ಟ್ ಐಟಿಐ ಮುಗಿಸಿದ ಒಬ್ಬ ಹುಡುಗನಿಂದ ಆರಂಭಿಸಿ. 2016ರಲ್ಲಿ ಆರಂಭವಾದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆಯಲ್ಲಿ ಸ್ಟೈಪೆಂಡಿನ ಶೇ. 25ರಷ್ಟನ್ನು, ಗರಿಷ್ಠ 1,500 ರೂಪಾಯಿವರೆಗೆ, ಸರ್ಕಾರ ಭರಿಸುತ್ತದೆ.

ಹಾರಿಹೋಗುವ ಭಯಕ್ಕೆ ಕಾನೂನಿನಲ್ಲಿ ಪರಿಹಾರವಿಲ್ಲ, ಇರಬೇಕಾಗಿಯೂ ಇಲ್ಲ. ನಿಮ್ಮಲ್ಲಿ ಕಲಿತ ಹುಡುಗ ಮಾಚೇನಹಳ್ಳಿಯ ದೊಡ್ಡ ಕಂಪನಿಯಲ್ಲಿ ಪ್ರೊಡಕ್ಷನ್‌ನಲ್ಲಿ ಕೂತರೆ, ಅಲ್ಲಿಂದ ಹೊರಗೆ ಕೊಡುವ ಜಾಬ್ ವರ್ಕ್ ಯಾರ ಶಾಪಿಗೆ ಬರುತ್ತದೆ ಎಂಬುದನ್ನು ನಿಮಗೆ ನಾನು ಹೇಳಬೇಕಿಲ್ಲ. ಉಳಿಸಿಕೊಳ್ಳಲೇಬೇಕೆಂದಿದ್ದರೆ ಅವನಿಗೆ ಸಿಎನ್‌ಸಿ ಬಟನ್ ಒತ್ತುವುದನ್ನಷ್ಟೇ ಬಿಡದೆ ಪ್ರೋಗ್ರಾಂ ಬರೆಯುವುದನ್ನು, ಆಫ್‌ಸೆಟ್ ಕೊಡುವುದನ್ನು, ಡ್ರಾಯಿಂಗ್ ಓದಿ ದರ ಹೇಳುವುದನ್ನು ಕಲಿಸಿ. ಡಿಪ್ಲೊಮಾ ಓದುತ್ತೇನೆ ಎಂದರೆ ಪರೀಕ್ಷೆಯ ದಿನಗಳಲ್ಲಿ ರಜೆ ಕೊಡಿ. ಕರಾರಿಗೆ ಸಹಿ ಹಾಕಿಸುವ ದಿನ ಹುಡುಗನ ತಂದೆತಾಯಿಯರನ್ನೂ ಶಾಪಿಗೆ ಕರೆಸಿ ಯಂತ್ರಗಳನ್ನು ತೋರಿಸುವುದು ಒಳ್ಳೆಯದು, ಮಗ ಎಲ್ಲಿ ನಿಂತು ಏನು ಮಾಡುತ್ತಾನೆಂದು ಅವರಿಗೂ ತಿಳಿದಿರಬೇಕು.